ಪಾಲಿಗೆ ಬಂದ ಲಾಟು

ಇಂಗ್ಲಿಷಿನಲ್ಲಿ ಮೂರೇ ಮೂರು ಅಕ್ಷರದ ಒಂದು ನಾಮಪದವಿದೆ: ‘ಲಾಟ್’. ಹೈಸ್ಕೂಲಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ಎ ಲಾಟ್ ಆಫ್ ಅಂದರೆ ಬಹಳ, ತುಂಬಾ’ ಎಂದು ಥಟ್ಟನೆ ಹೇಳಿಬಿಡುತ್ತಾನೆ. ಉತ್ತರವೇನೋ ಸರಿ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಪದದ ಮೈಯನ್ನೆಲ್ಲ ಬಿಟ್ಟು ಸೆರಗಿನ ತುದಿಯನ್ನಷ್ಟೇ ಹಿಡಿದಂತಾಯಿತು. ಆ ಪದದ ಉಳಿದ ಮೈ ಎಲ್ಲಿದೆಯೆಂದು ಹುಡುಕಹೊರಟವರು ದಪ್ಪ ನಿಘಂಟಿಗೆ ಕೈಹಾಕುವ ಮೊದಲು ರಾಮನಗರ ತಾಲ್ಲೂಕಿನ ಕೂಟಗಲ್ಲಿನ ಕಡೆ ಒಮ್ಮೆ ಹೋಗಿಬರುವುದು ಒಳ್ಳೆಯದು.

ಕೂಟಗಲ್ ಒಂದು ಹೋಬಳಿ ಕೇಂದ್ರ. ಹೆಸರು ಹೇಳುವಾಗಲೇ ‘ಕೂಟ’ ಮತ್ತು ‘ಕಲ್ಲು’ ಎರಡೂ ಕಿವಿಗೆ ಬೀಳುತ್ತವೆ. ರಾಮನಗರದ ಸುತ್ತಣ ಸೀಮೆಗೆ ಕಲ್ಲಿನ ಕೊರತೆ ಎಂದೂ ಇದ್ದದ್ದಲ್ಲ. ಕೋಟ್ಯಂತರ ವರ್ಷಗಳಷ್ಟು ಹಳೆಯ ಬಂಡೆಗಳ ನಡುವೆ ಸಿಕ್ಕಷ್ಟು ಮಣ್ಣಿನಲ್ಲಿ ರಾಗಿ, ಮಾವು, ತೆಂಗು ಮತ್ತು ಹಿಪ್ಪುನೇರಳೆ ಬೆಳೆಯುವುದು ಇಲ್ಲಿನವರ ಬದುಕು. ಟಿಪ್ಪು ಸುಲ್ತಾನನ ಕಾಲದಲ್ಲಿ ಹಳೇ ಮೈಸೂರು ಸೀಮೆಗೆ ಬಂದ ರೇಷ್ಮೆ ಈ ಭಾಗದಲ್ಲಿ ಬೇರೂರಿ, ಮನೆಯ ಮಾತಿನೊಳಕ್ಕೂ ಇಳಿದಿದೆ. ಹುಳು ಸಾಕುವ ಮನೆಯಲ್ಲಿ ದಿನಗಳನ್ನು ಎಣಿಸುವುದೇ ಬೇರೆ ಲೆಕ್ಕದಲ್ಲಿ. ಮೊದಲನೇ ಜ್ವರ, ಎರಡನೇ ಜ್ವರ ಎಂದು ನಾಲ್ಕು ಜ್ವರ ಕಳೆಯಬೇಕು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ಸೊಪ್ಪು ಹಾಕಿದಷ್ಟೂ ಮಳೆ ಹನಿಯುವ ಸದ್ದಿನಲ್ಲಿ ಮೇಯುತ್ತದೆ. ಆಮೇಲೆ ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಗೂಡು ಕಟ್ಟಿ ಮುಗಿದ ಮೇಲೆ ಬಿಡಿಸಿ, ಕೊಳೆತದ್ದು, ತೆಳ್ಳಗಿನದು, ಜೋಡಿಗೂಡು ಎಲ್ಲವನ್ನೂ ಬೇರೆ ಮಾಡಿ, ಚೀಲಕ್ಕೆ ತುಂಬಿ ಮಾರುಕಟ್ಟೆಗೆ ಸಾಗಿಸಬೇಕು. ಇಷ್ಟೂ ದಿನ ಮನೆಯ ಹೆಂಗಸರ ನಿದ್ರೆ ಹುಳುವಿನ ಪಾಲು.

ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ರೇಷ್ಮೆಮೊಟ್ಟೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ಹತೋಟಿಯಲ್ಲಿಡಲು 1959ರಲ್ಲಿ ಕಾನೂನು ಬಂದಿತು. ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಿನ ಮೂಲಕ ನಡೆಯಬೇಕು ಎಂಬುದು ಅದರ ಸಾರ. ರೈತ ಬೆಳಿಗ್ಗೆಯೇ ಚೀಲ ಇಳಿಸಿ ಗೂಡನ್ನು ಸುರಿದು ಹರಡುತ್ತಾನೆ. ಒಬ್ಬ ರೈತ ತಂದ ಒಂದು ರಾಶಿಗೆ ಒಂದು ನಂಬರು. ಆ ರಾಶಿಯ ಹೆಸರೇ ‘ಲಾಟು’. ಲಾಟು ನಂಬರು ಬಿದ್ದ ಕ್ಷಣದಿಂದ ಆ ರಾಶಿಗೆ ಊರಿಲ್ಲ, ಜಾತಿಯಿಲ್ಲ, ಯಜಮಾನನ ಹೆಸರಿನ ಹಂಗೂ ಇಲ್ಲ. ರೀಲರುಗಳು ಬಂದು ಒಂದು ಹಿಡಿ ಗೂಡನ್ನೆತ್ತಿ ನೋಡುತ್ತಾರೆ, ಕಿವಿಯ ಬಳಿ ಅಲುಗಾಡಿಸುತ್ತಾರೆ, ಬೆರಳಲ್ಲಿ ಅದುಮಿ ಗಟ್ಟಿಯೋ ಮೆತುವೋ ಎಂದು ಅಳೆಯುತ್ತಾರೆ. ಹಿಂದೆ ಬಾಯಲ್ಲಿ ಕೂಗುತ್ತಿದ್ದ ಸವಾಲು ಈಗ ಮೊಬೈಲ್ ಫೋನಿನ ಮೇಲೆ ಬೆರಳಲ್ಲಿ ನಡೆಯುತ್ತದೆ. ಕೂಗು ಹೋಯಿತು, ಆದರೆ ಲಾಟು ಉಳಿಯಿತು.

ಸಂಜೆ ಮನೆಗೆ ಬಂದವನನ್ನು ಹೆಂಡತಿ ಕೇಳುವ ಮೊದಲ ಮಾತು, ‘ಎಷ್ಟಕ್ಕೆ ಹೋಯ್ತು ಲಾಟು?’ ಅದೇ ಹೊತ್ತಿಗೆ ಅದೇ ಮನೆಯ ಮೂಲೆಯಲ್ಲಿ ಮಗನೋ ಮಗಳೋ ‘ಎ ಲಾಟ್ ಆಫ್: ಬಹಳ’ ಎಂದು ನೋಟ್‌ಬುಕ್ಕಿನಲ್ಲಿ ಹತ್ತು ಸಲ ಬರೆಯುತ್ತ ಕುಳಿತಿರಬಹುದು. ತಾಯಿಯ ಬಾಯಲ್ಲಿ ಈಗಷ್ಟೇ ಬಂದ ಮಾತೂ ತನ್ನ ಪೆನ್ನಿನ ತುದಿಯ ಮಾತೂ ಒಂದೇ ಎಂದು ಆ ಮಗುವಿಗೆ ಹೇಳುವವರಿಲ್ಲ. ತಾಯಿಗೂ ತಾನು ಇಂಗ್ಲಿಷ್ ಮಾತಾಡಿದೆನೆಂಬ ಅರಿವಿಲ್ಲ. ನಡುವೆ ಇರುವುದು ನಾಲ್ಕು ಮೊಳದ ಅಂತರ. ಆದರೂ ಆ ಅಂತರವನ್ನು ದಾಟಿಸಲು ಪಟ್ಟಣದ ಟ್ಯೂಷನ್ನೇ ಬೇಕೆಂದು ಅನೇಕ ತಂದೆತಾಯಂದಿರು ತಿಳಿದಿದ್ದಾರೆ.

ಈ ಪದದ ಹುಟ್ಟಿನ ಕತೆ ಸ್ವಾರಸ್ಯವಾದದ್ದು. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಹ್ಲಾಟ್’. ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳಲ್ಲೂ ಇದರ ಅಣ್ಣತಮ್ಮಂದಿರಿದ್ದಾರೆ. ಹ್ಲಾಟ್ ಎಂದರೆ ಬಹಳವೂ ಅಲ್ಲ, ರಾಶಿಯೂ ಅಲ್ಲ. ಒಂದು ಸಣ್ಣ ಮರದ ಚೂರು. ಯಾವುದಾದರೂ ವಿಷಯದಲ್ಲಿ ತೀರ್ಮಾನಕ್ಕೆ ಬರಲಾಗದಾಗ ಗುರುತು ಮಾಡಿದ ಚೂರುಗಳನ್ನು ಹಾಕಿ ಕಲಕಿ, ಒಂದನ್ನು ಎತ್ತಿ, ಬಂದದ್ದನ್ನು ಎಲ್ಲರೂ ಒಪ್ಪುತ್ತಿದ್ದರು. ಇದು ಚೀಟಿ ಎತ್ತುವುದೇ ಹೊರತು ಬೇರೇನಲ್ಲ. ಕಾಗದವಿಲ್ಲದ ಕಾಲದಲ್ಲಿ ಮರದ ಚೂರೇ ಚೀಟಿ.

ಚೀಟಿ ಎತ್ತುವ ಪದ್ಧತಿ ಒಂದು ದೇಶದ ಸೊತ್ತಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅಥೆನ್ಸ್ ನಗರದಲ್ಲಿ ನ್ಯಾಯ ತೀರ್ಮಾನಕ್ಕೆ ಕೂರುವ ಪೌರರನ್ನು ಆರಿಸಲು ಒಂದು ಕಲ್ಲಿನ ಹಲಗೆಯನ್ನೇ ಮಾಡಿಕೊಂಡಿದ್ದರು. ಅದರಲ್ಲಿ ಸಾಲುಸಾಲಾಗಿ ಕೊರೆದ ಸೀಳುಗಳಿಗೆ ಹೆಸರಿನ ಬಿಲ್ಲೆಗಳನ್ನು ಸಿಕ್ಕಿಸಿ, ಪಕ್ಕದ ಕೊಳವೆಯಿಂದ ಉರುಳುವ ಗುಂಡಿನ ಬಣ್ಣ ನೋಡಿ ಯಾವ ಸಾಲಿನವರು ಕೂರಬೇಕೆಂದು ತೀರ್ಮಾನಿಸುತ್ತಿದ್ದರು. ಅಷ್ಟು ದೂರ ಹೋಗುವುದೂ ಬೇಡ. ತಮಿಳುನಾಡಿನ ಕಾಂಚೀಪುರದ ಸೀಮೆಯಲ್ಲಿರುವ ಉತ್ತರಮೇರೂರಿನ ಗುಡಿಯ ಗೋಡೆಯ ಮೇಲೆ ಚೋಳ ದೊರೆ ಪರಾಂತಕನ ಕಾಲದ, ಅಂದರೆ 919 ಮತ್ತು 921ರ ಸುಮಾರಿನ ಶಾಸನಗಳಿವೆ. ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ವಿಧಾನ ಅದರಲ್ಲಿ ಸ್ಪಷ್ಟವಾಗಿ ಕೆತ್ತಿದೆ. ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ, ಏನೂ ಅರಿಯದ ಒಬ್ಬ ಚಿಕ್ಕ ಹುಡುಗನಿಂದ ಎತ್ತಿಸುತ್ತಿದ್ದರು. ತಮಿಳಿನಲ್ಲಿ ಇದಕ್ಕೆ ‘ಕುಡವೋಲೈ’ ಎಂದು ಹೆಸರು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ: ಕೊಡದ ಓಲೆ.

ಆ ಶಾಸನದ ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ಮರೆಯಬಾರದು. ಯಾರ ಹೆಸರನ್ನು ಬೇಕಾದರೂ ಕೊಡಕ್ಕೆ ಹಾಕುವಂತಿರಲಿಲ್ಲ. ಇಷ್ಟು ಭೂಮಿ ಇರಬೇಕು, ಸ್ವಂತ ಮನೆ ಇರಬೇಕು, ಇಷ್ಟು ವಯಸ್ಸಾಗಿರಬೇಕು, ಇಷ್ಟು ಓದಿರಬೇಕು, ಹಿಂದೆ ಅಧಿಕಾರದಲ್ಲಿದ್ದಾಗ ಲೆಕ್ಕ ಒಪ್ಪಿಸಿರಬೇಕು ಎಂದೆಲ್ಲ ನಿಯಮಗಳಿದ್ದವು. ಆ ನಿಯಮಗಳಲ್ಲಿ ಇಂದು ಒಪ್ಪಲಾಗದವೂ ಉಂಟು. ಆದರೆ ಕ್ರಮ ಗಮನಾರ್ಹ. ಮೊದಲು ಅರ್ಹತೆ, ಆಮೇಲೆ ಚೀಟಿ.

ಇಂದಿನ ಕಾನೂನಿನಲ್ಲೂ ಈ ಹಳೆಯ ಅರ್ಥ ಜೀವಂತವಾಗಿದೆ. ಚುನಾವಣೆಯಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸಮನಾಗಿ ಮತ ಬಂದರೆ ಏನು ಮಾಡಬೇಕು? 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ನಿನ ಪ್ರಕಾರ ಚುನಾವಣಾಧಿಕಾರಿ ‘ಲಾಟ್’ ಎತ್ತಿ ತೀರ್ಮಾನಿಸಬೇಕು. ಚೀಟಿ ಯಾರ ಕಡೆ ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದರು. ಆ ಒಂದು ಮತ ಎದುರಾಳಿಗೆ ಹೆಚ್ಚಾಗಿ ಬಿದ್ದು ಇಬ್ಬರೂ ಸರಿಸಮನಾಗಿದ್ದರೆ ಅಂದು ಅಲ್ಲಿಯೂ ಚೀಟಿ ಎತ್ತಬೇಕಾಗುತ್ತಿತ್ತು. ಸಾವಿರಾರು ಜನ ಸಾಲಿನಲ್ಲಿ ನಿಂತು ಹಾಕಿದ ಮತದ ಕೊನೆಯಲ್ಲಿ ಒಂದು ಕಾಗದದ ಚೂರು ಕಾದು ಕುಳಿತಿರುತ್ತದೆ ಎಂದಾಯಿತು.

ಚೂರು ಎತ್ತಿದ ಮೇಲೆ ಏನಾದರೂ ಕೈಗೆ ಬರಬೇಕಲ್ಲ? ಬಂದದ್ದು ಪಾಲು. ಹೀಗೆ ಲಾಟ್ ಎಂಬುದು ಚೀಟಿಯಿಂದ ಪಾಲಿಗೆ ಜಾರಿತು. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ನಡೆಯುವುದನ್ನು ನೋಡಿದವರಿಗೆ ಈ ಜಾರಿಕೆ ಸುಲಭವಾಗಿ ತಿಳಿಯುತ್ತದೆ. ಹೊಲವನ್ನು ಅಳೆದು, ಬಾವಿ ಇರುವ ಕಡೆಯೂ ಕಲ್ಲು ಇರುವ ಕಡೆಯೂ ಸರಿದೂಗುವಂತೆ ಭಾಗ ಮಾಡಿ, ಹಿರಿಯರ ಎದುರು ಚೀಟಿ ಬರೆದು, ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ಉತ್ತರಮೇರೂರಿನ ಹುಡುಗನ ಕೆಲಸವನ್ನೇ ಈ ಮಗುವೂ ಮಾಡುತ್ತದೆ. ‘ದೊಡ್ಡೋನ ಪಾಲಿಗೆ ಮೂಡಲ ಹೊಲ ಬಂತು’ ಎನ್ನುತ್ತಾರೆ. ಇಲ್ಲಿ ‘ಪಾಲು’ ಎಂದರೆ ಭೂಮಿಯ ಭಾಗವೂ ಹೌದು, ಅದೃಷ್ಟ ಕೊಟ್ಟದ್ದೂ ಹೌದು. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆಯಲ್ಲೂ ಇವೆರಡು ಅರ್ಥಗಳು ಒಂದರೊಳಗೊಂದು ಬೆರೆತಿವೆ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು, ಒಂದಕ್ಕೊಂದು ಸಂಬಂಧವಿಲ್ಲದವು, ಒಂದೇ ದಾರಿಯಲ್ಲಿ ನಡೆದಿರುವುದು ಸೋಜಿಗವಲ್ಲವೇ? ‘ಲಾಟ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಹೇಳಬೇಕೆಂದರೆ ‘ಬಹಳ’ ಎಂಬುದಕ್ಕಿಂತ ‘ಪಾಲು’ ಎಂಬುದೇ ಹತ್ತಿರದ್ದು.

ಪಾಲಾಗಿ ಬಂದ ನೆಲಕ್ಕೂ ಲಾಟ್ ಎಂದೇ ಹೆಸರಾಯಿತು. ಅಮೆರಿಕದಲ್ಲಿ ನಮ್ಮವರು ‘ಸೈಟು’ ಎನ್ನುವುದನ್ನು ‘ಲಾಟ್’ ಎನ್ನುತ್ತಾರೆ. ಕಾರು ನಿಲ್ಲಿಸುವ ಬಯಲು ‘ಪಾರ್ಕಿಂಗ್ ಲಾಟ್’. ಹಂಚಿಕೊಡುವುದು ‘ಅಲಾಟ್’ ಆಯಿತು, ಹಂಚಿಕೆ ‘ಅಲಾಟ್‌ಮೆಂಟ್’. ಬೆಂಗಳೂರಿನಲ್ಲಿ ನಿವೇಶನಕ್ಕೆ ಅರ್ಜಿ ಹಾಕಿ ‘ಅಲಾಟ್‌ಮೆಂಟ್ ಲೆಟರ್’ ಬರುವುದನ್ನು ವರ್ಷಗಟ್ಟಲೆ ಕಾದವರಿಗೆ ಈ ಪದದ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. ಬ್ರಿಟನ್ನಿನಲ್ಲಿ ಮಾತ್ರ ‘ಅಲಾಟ್‌ಮೆಂಟ್’ ಎಂದರೆ ಪಟ್ಟಣದವರು ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಪಡೆಯುವ ಸಣ್ಣ ಮಡಿ.

ವ್ಯಾಪಾರದವರ ಕೈಗೆ ಸಿಕ್ಕಾಗ ಪದಕ್ಕೆ ಮತ್ತೊಂದು ತಿರುವು ಬಂತು. ಹರಾಜಿಗಿಟ್ಟ ಸರಕನ್ನು ಪಾಲುಪಾಲಾಗಿ ವಿಂಗಡಿಸಿ ಒಂದೊಂದಕ್ಕೆ ನಂಬರು ಹಾಕಿದರು. ಒಂದು ನಂಬರಿನ ಸರಕು ಒಂದು ಲಾಟ್. ರಾಮನಗರದ ಗೂಡಿನ ರಾಶಿಗೆ ಬಂದದ್ದು ಈ ಅರ್ಥ. ಔಷಧದ ಡಬ್ಬಿಯ ಮೇಲೂ ಕೆಲವೊಮ್ಮೆ ‘ಲಾಟ್ ನಂಬರ್’ ಎಂದು ಅಚ್ಚಾಗಿರುತ್ತದೆ. ಒಂದೇ ಸಲ ತಯಾರಾದ ಸರಕು ಎಂದು ಅದರ ಅರ್ಥ. ಯಾವುದೋ ಒಂದರಲ್ಲಿ ದೋಷ ಕಂಡರೆ ಆ ಲಾಟನ್ನೆಲ್ಲ ವಾಪಸು ಕರೆಸಿಕೊಳ್ಳಲು ಇದು ಅನುಕೂಲ. ಸರಕಿನ ಗುಂಪಿನಿಂದ ಜನರ ಗುಂಪಿಗೆ ದಾಟಲು ಬಹಳ ಹೊತ್ತು ಹಿಡಿಯಲಿಲ್ಲ. ‘ಈ ಸಲದ ಹುಡುಗರ ಲಾಟು ಚೆನ್ನಾಗಿದೆ’ ಎಂದು ಮೇಷ್ಟರೊಬ್ಬರು ಹೇಳಿದರೆ ತಪ್ಪೇನಿಲ್ಲ. ಇಂಗ್ಲಿಷಿನವರೂ ಹಾಗೆಯೇ ಹೇಳುತ್ತಾರೆ. ಒಬ್ಬನನ್ನೇ ಕುರಿತು ‘ಎ ಬ್ಯಾಡ್ ಲಾಟ್’ ಎಂದರೆ ಮಾತ್ರ ಅವನು ಅಷ್ಟು ಒಳ್ಳೆಯವನಲ್ಲ ಎಂದರ್ಥ.

ರಾಶಿ ಎಂದ ಮೇಲೆ ಹೆಚ್ಚು ಎಂಬ ಭಾವನೆ ತಾನಾಗಿ ಅಂಟಿಕೊಳ್ಳುತ್ತದೆ. ಕನ್ನಡದಲ್ಲೂ ‘ರಾಶಿ ಕೆಲಸ ಬಿದ್ದಿದೆ’ ಎನ್ನುವುದಿಲ್ಲವೇ? ಹಾಗೆಯೇ ‘ಎ ಲಾಟ್ ಆಫ್’ ಎಂದರೆ ಬಹಳ ಎಂಬ ಬಳಕೆ ಬಂದು, 19ನೇ ಶತಮಾನದ ಹೊತ್ತಿಗೆ ಎಲ್ಲರ ಬಾಯಲ್ಲೂ ನೆಲೆಸಿತು. ಪಠ್ಯಪುಸ್ತಕದಲ್ಲಿ ಮೊದಲು ಕಲಿಸುವ ಅರ್ಥ, ಪದದ ಬಾಳಿನಲ್ಲಿ ಕೊನೆಯದಾಗಿ ಹುಟ್ಟಿದ ಅರ್ಥ!

ಪರೀಕ್ಷೆ ಬರೆಯುವವರು ಈ ಕೊನೆಯ ಅರ್ಥದ ವಿಷಯದಲ್ಲಿ ಎರಡು ಮೂರು ಎಚ್ಚರಿಕೆ ವಹಿಸುವುದು ಮೇಲು. ಮೊದಲನೆಯದು ಬರವಣಿಗೆ. ‘ಎ’ ಬರೆದು ಜಾಗ ಬಿಟ್ಟು ‘ಲಾಟ್’ ಬರೆಯಬೇಕು. ಎರಡನ್ನೂ ಕೂಡಿಸಿ ಬರೆದರೆ ಅಂಥ ಪದವೇ ಇಲ್ಲ. ಇನ್ನೊಂದು ‘ಎಲ್’ ಸೇರಿಸಿ ಕೂಡಿಸಿದರೆ ಅದು ಹಂಚಿಕೊಡು ಎಂಬ ಕ್ರಿಯಾಪದವಾಗಿಬಿಡುತ್ತದೆ. ‘ನಿಮಗೆ ಬಹಳ ವಂದನೆಗಳು’ ಎಂದು ಬರೆಯಹೊರಟವನು ‘ವಂದನೆ ಹಂಚು’ ಎಂದು ಬರೆದಂತಾಗುತ್ತದೆ. ಎರಡನೆಯದು ಕ್ರಿಯಾಪದದ ಹೊಂದಾಣಿಕೆ. ‘ಎ’ ಇದೆಯೆಂದು ಏಕವಚನ ಹಾಕಿಬಿಡಬಾರದು. ಮುಂದೆ ಬರುವ ನಾಮಪದವನ್ನು ನೋಡಬೇಕು. ಎಣಿಸಬಹುದಾದ ಗೂಡುಗಳಾದರೆ ‘ಎ ಲಾಟ್ ಆಫ್ ಕಕೂನ್ಸ್ ಆರ್’ ಎಂದು ಬಹುವಚನ. ಎಣಿಸಲಾಗದ ರೇಷ್ಮೆಯಾದರೆ ‘ಎ ಲಾಟ್ ಆಫ್ ಸಿಲ್ಕ್ ಈಸ್’ ಎಂದು ಏಕವಚನ. ‘ಮೆನಿ’ಯೋ ‘ಮಚ್’ಚೋ ಎಂದು ತಡಕಾಡುವವರಿಗೆ ಎರಡು ಕಡೆಯೂ ಸಲ್ಲುವ ‘ಎ ಲಾಟ್ ಆಫ್’ ಆಪದ್ಬಾಂಧವನಂತೆ. ಆದರೆ ರಾಮನಗರದ ಹರಾಜಿನ ಲಾಟಿಗೆ ಈ ನಿಯಮ ಸಲ್ಲದು. ಅಲ್ಲಿ ‘ಎ ಲಾಟ್ ಆಫ್ ಕಕೂನ್ಸ್’ ಎಂದರೆ ಒಂದು ನಂಬರಿನ ಒಂದು ರಾಶಿ, ಆದ್ದರಿಂದ ಏಕವಚನ. ಅದೇ ನಾಲ್ಕು ಪದ ಒಂದು ಕಡೆ ‘ಬಹಳ ಗೂಡು’, ಇನ್ನೊಂದು ಕಡೆ ‘ಒಂದು ಲಾಟು ಗೂಡು’. ಯಾವುದೆಂದು ಸಂದರ್ಭವೇ ಹೇಳಬೇಕು. ಮೂರನೆಯ ಎಚ್ಚರಿಕೆ, ಇದು ಮಾತಿನ ಸಲಿಗೆಯ ಪದ. ಮುಖ್ಯೋಪಾಧ್ಯಾಯರಿಗೆ ಬರೆಯುವ ಅರ್ಜಿಯಲ್ಲಿ, ವಿಜ್ಞಾನದ ಉತ್ತರದಲ್ಲಿ, ಎಷ್ಟು ಎಂದು ನಿಖರವಾಗಿ ಹೇಳುವುದೇ ಲೇಸು.

ರೂಪ ನೋಡಿ ನೆಂಟಸ್ತನ ಕಟ್ಟುವ ಚಪಲ ಎಲ್ಲರಿಗೂ ಉಂಟು. ‘ಪ್ಲಾಟ್’ ಮತ್ತು ‘ಸ್ಲಾಟ್’ ಎಂಬ ಪದಗಳ ಹೊಟ್ಟೆಯಲ್ಲಿ ‘ಲಾಟ್’ ಕಾಣುತ್ತದೆ. ಆದರೆ ಅವು ಈ ಮನೆಯವಲ್ಲ. ಮತಪತ್ರಕ್ಕೆ ಹೇಳುವ ‘ಬ್ಯಾಲಟ್’ ಕೂಡ ಇಟಲಿಯ ‘ಪುಟ್ಟ ಗುಂಡು’ ಎಂಬ ಮಾತಿನಿಂದ ಬಂದದ್ದು. ನಮ್ಮ ಕಡೆ ಜಂಬದವನನ್ನು ‘ಲಾಟ್ ಸಾಹೇಬ’ ಎಂದು ಹಂಗಿಸುವಾಗ ಬರುವ ಲಾಟ್, ‘ಲಾರ್ಡ್’ ಎಂಬುದರ ಸವೆದ ರೂಪ. ಕತ್ತಲಲ್ಲಿ ಹಿಡಿಯುವ ಲಾಟೀನಿಗೂ ಇದಕ್ಕೂ ಸಂಬಂಧವಿಲ್ಲ. ನಿಜವಾದ ನೆಂಟ ‘ಲಾಟರಿ’. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಅದಕ್ಕೆ ಮೊದಲು ಎಷ್ಟೋ ಮನೆಗಳ ಕೂಲಿದುಡ್ಡು ಬಸ್ ಸ್ಟ್ಯಾಂಡಿನ ಲಾಟರಿ ಅಂಗಡಿಯಲ್ಲೇ ಕರಗುತ್ತಿತ್ತು. ಇನ್ನೊಂದು ಸ್ವಾರಸ್ಯ: ಲ್ಯಾಟಿನ್ ಭಾಷೆಯಲ್ಲಿ ಚೀಟಿಗೆ ‘ಸಾರ್ಸ್’ ಎನ್ನುತ್ತಿದ್ದರು. ಅದರಿಂದ ಬಂದದ್ದು ಇಂಗ್ಲಿಷಿನ ‘ಸಾರ್ಟ್’, ಅಂದರೆ ಬಗೆ, ವಿಂಗಡಣೆ. ಅಲ್ಲಿಯೂ ಚೀಟಿಯೇ ಗುಂಪಾಗಿ, ವಿಂಗಡಣೆಯಾಗಿ ಬೆಳೆದಿದೆ. ಗೂಡನ್ನು ‘ಸಾರ್ಟ್’ ಮಾಡಿ ‘ಲಾಟ್’ ಹಾಕುವವರು, ತಮಗರಿವಿಲ್ಲದೆಯೇ, ಎರಡು ಭಾಷೆಗಳ ಒಂದೇ ಪುರಾಣವನ್ನು ದಿನಾ ಓದುತ್ತಿದ್ದಾರೆ.

ತಂದೆತಾಯಂದಿರಿಗೆ ಈ ಪದ ಹೆಚ್ಚಾಗಿ ಎದುರಾಗುವುದು ಬೇಸಿಗೆಯ ರಜೆ ಮುಗಿಯುವ ಹೊತ್ತಿನಲ್ಲಿ. ಸಿಇಟಿ ಬರೆದ ಮಕ್ಕಳಿಗೆ ಸೀಟು ‘ಅಲಾಟ್’ ಆಗಬೇಕು. ಮೊದಲು ಅಣಕು ಹಂಚಿಕೆ, ಆಮೇಲೆ ಮೊದಲ ಸುತ್ತು, ಎರಡನೆಯ ಸುತ್ತು. ಕಂಪ್ಯೂಟರಿನ ಮುಂದೆ ಕುಳಿತ ಮನೆಯವರ ಮುಖ ನೋಡಿದರೆ ಯಾವುದೋ ಕೊಡದಿಂದ ಓಲೆ ಎತ್ತುತ್ತಿದ್ದಾರೆ ಎನ್ನಿಸುತ್ತದೆ. ‘ನಮ್ಮ ಹಣೇಲಿ ಬರೆದಿದ್ರೆ ಸಿಗುತ್ತೆ’ ಎಂದು ತಂದೆ ನಿಟ್ಟುಸಿರು ಬಿಡುತ್ತಾನೆ. ಆದರೆ ಅದು ಚೀಟಿಯಲ್ಲ. ಮಗುವಿನ ರ‍್ಯಾಂಕು, ಮೀಸಲಾತಿ, ತಾನೇ ಬರೆದುಕೊಟ್ಟ ಕಾಲೇಜುಗಳ ಆದ್ಯತೆಯ ಪಟ್ಟಿ ಇವುಗಳ ಮೇಲೆ ನಡೆಯುವ ಲೆಕ್ಕ. ಆ ಪಟ್ಟಿಯನ್ನು ಸೈಬರ್ ಅಂಗಡಿಯ ಹುಡುಗನ ಕೈಗೆ ಬಿಟ್ಟು ಹಣೆಬರಹವನ್ನು ದೂರಿದರೆ ಪ್ರಯೋಜನವಿಲ್ಲ. ನಿಜವಾಗಿ ಚೀಟಿ ಎತ್ತುವ ಜಾಗಗಳೂ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಮೀಸಲಿಟ್ಟ ಸೀಟುಗಳಿಗೆ ಅರ್ಜಿ ಹೆಚ್ಚಾದರೆ ಲಾಟರಿಯ ಮೂಲಕವೇ ಆಯ್ಕೆ. ಆರು ವರ್ಷದ ಮಗುವಿನ ಅರ್ಹತೆಯನ್ನು ಪರೀಕ್ಷೆಯಿಂದ ಅಳೆಯಬಾರದು ಎಂಬ ಕಾರಣಕ್ಕೆ ಅಲ್ಲಿ ಚೀಟಿಯೇ ನ್ಯಾಯ. ಎಲ್ಲಿ ಚೀಟಿ ನ್ಯಾಯ, ಎಲ್ಲಿ ಲೆಕ್ಕ ನ್ಯಾಯ ಎಂಬುದನ್ನು ತಿಳಿದ ಮನೆಯಲ್ಲಿ ಮಕ್ಕಳ ಮೇಲೆ ಬೀಳುವ ಬೈಗುಳ ಅರ್ಧ ಕಡಿಮೆಯಾದೀತು. ಚೀಟಿಯಲ್ಲಿ ಬಾರದ್ದಕ್ಕೆ ಮಗುವನ್ನು ದಂಡಿಸುವುದೂ ತಪ್ಪು. ಓದಿ ಪಡೆದದ್ದನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುವುದೂ ತಪ್ಪು.

ಲಾಟ್ ಎಂಬುದಕ್ಕೆ ಹಣೆಬರಹ ಎಂಬ ಅರ್ಥವೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನಿಂತಿದೆ. ‘ನನ್ನ ಲಾಟ್ ಇಷ್ಟೇ’ ಎಂದು ಅವರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಅದೇ ಭಾಷೆಯಲ್ಲಿ ‘ಒಬ್ಬರೊಂದಿಗೆ ತನ್ನ ಲಾಟನ್ನು ಎಸೆಯುವುದು’ ಎಂಬ ನುಡಿಗಟ್ಟೂ ಇದೆ. ಕಷ್ಟವೋ ಸುಖವೋ ಇವರ ಜೊತೆಗೇ ಎಂದು ತಾನಾಗಿ ನಿರ್ಧರಿಸಿ ನಿಲ್ಲುವುದು ಎಂದರ್ಥ. ಒಂದು ಕಡೆ ಬಂದದ್ದನ್ನು ಅನುಭವಿಸುವ ಲಾಟ್, ಇನ್ನೊಂದು ಕಡೆ ತನ್ನ ಕೈಯಾರೆ ಹಾಕುವ ಲಾಟ್. ಒಂದೇ ಪದ ಎರಡನ್ನೂ ಹೊತ್ತುಕೊಂಡು ನಡೆದಿದೆ.

ರಾಮನಗರದ ಮಾರುಕಟ್ಟೆಯಲ್ಲಿ ಇವೆರಡೂ ದಿನಬೆಳಗಾದರೆ ಮುಖಾಮುಖಿಯಾಗುತ್ತವೆ. ಹುಳು ಸಾಕಿದ ದಿನಗಳಲ್ಲಿ ಮಳೆ ಬಂತೋ, ಚಳಿ ಹಿಡಿಯಿತೋ, ಸೊಪ್ಪಿಗೆ ರೋಗ ತಗುಲಿತೋ, ಅದು ರೈತನ ಕೈಯಲ್ಲಿಲ್ಲ. ಅಂದು ಮಾರುಕಟ್ಟೆಗೆ ಎಷ್ಟು ಗೂಡು ಬಂತು, ರೀಲರುಗಳಿಗೆ ನೂಲಿನ ಬೆಲೆ ಎಷ್ಟು ದಕ್ಕಿತು, ಅದೂ ಅವನ ಕೈಯಲ್ಲಿಲ್ಲ. ಆದರೆ ತನ್ನ ಲಾಟಿಗೆ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ‘ಕೊಡಲ್ಲ’ ಎಂದು ಹೇಳಿ ಮುಂದಿನ ಸುತ್ತಿಗೆ ಕಾಯುವ ಹಕ್ಕು ಅವನಿಗುಂಟು. ಆ ಹಕ್ಕಿಗೂ ಒಂದು ಮಿತಿ ಇದೆ. ಗೂಡಿನೊಳಗೆ ಹುಳು ಸುಮ್ಮನೆ ಕುಳಿತಿಲ್ಲ, ಚಿಟ್ಟೆಯಾಗುತ್ತಿದೆ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಅದು ಗೂಡನ್ನು ತೂತು ಮಾಡಿ ಹೊರಬಂದರೆ, ಉದ್ದಕ್ಕೂ ಒಂದೇ ಎಳೆಯಾಗಿ ಬಿಚ್ಚಬೇಕಾದ ರೇಷ್ಮೆ ತುಂಡುತುಂಡಾಗುತ್ತದೆ. ಗೂಡು ಬಿಡಿಸಿ ತರುವ ಹೊತ್ತಿಗೆ ಆ ದಿನಗಳಲ್ಲಿ ಅರ್ಧ ಕಳೆದೇ ಹೋಗಿರುತ್ತವೆ. ಎಷ್ಟು ಕಾಯಬೇಕು, ಯಾವಾಗ ಒಪ್ಪಬೇಕು ಎಂಬುದನ್ನು ಅವನು ಗೂಡನ್ನೂ ಗಡಿಯಾರವನ್ನೂ ನೋಡಿಕೊಂಡು ನಿರ್ಧರಿಸುತ್ತಾನೆ. ಪಾಲಿಗೆ ಬಂದದ್ದು ಪಂಚಾಮೃತವೆಂದು ಕಣ್ಣುಮುಚ್ಚಿ ಕುಡಿಯುವವನಲ್ಲ ಅವನು. ಒಂದು ಗುಟುಕು ರುಚಿ ನೋಡುವವನು. ಹಣೆಬರಹ ಎಷ್ಟು, ತನ್ನ ಮಾತು ಎಷ್ಟು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು.

ಈ ವಿವೇಕವನ್ನು ಮಕ್ಕಳಿಗೆ ಕಲಿಸಲು ಇಂಗ್ಲಿಷ್ ಬರಲೇಬೇಕೆಂದಿಲ್ಲ. ಇಂಗ್ಲಿಷನ್ನು ಕಲಿಸಲು ಮಾತ್ರ ಈ ವಿವೇಕ ಬಹಳ ನೆರವಾಗುತ್ತದೆ. ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಮನೆಯ ಕಸುಬಿನಲ್ಲಿ ದಿನವೂ ಕೇಳುವ ಇಂಗ್ಲಿಷ್ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಲಾಟು, ರೀಲು, ಗ್ರೇಡು, ಲೋಡು, ಮೋಟರು, ಬೋರು, ಫೇಸು. ಪ್ರತಿಯೊಂದನ್ನೂ ಅಪ್ಪ, ಅವ್ವ, ಚಿಕ್ಕಪ್ಪ ಯಾವ ಅರ್ಥದಲ್ಲಿ ಆಡುತ್ತಾರೆಂದು ಕೇಳಿ ತಿಳಿದು, ಆಮೇಲೆ ನಿಘಂಟು ತೆರೆಯಲಿ. ಅನೇಕ ಕಡೆ ನಿಘಂಟಿನ ಮೊದಲ ಅರ್ಥ ಶಾಲೆಯಲ್ಲಿದ್ದರೆ, ಅದಕ್ಕಿಂತ ಹಳೆಯದೂ ತೂಕದ್ದೂ ಆದ ಅರ್ಥ ಮನೆಯ ಜಗಲಿಯ ಮೇಲೆ ಸಿಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ತಾಯಿ ‘ಲಾಟು ಎಷ್ಟಕ್ಕೆ ಹೋಯ್ತು’ ಎಂದು ಕೇಳುವಾಗ ಆ ಪದವನ್ನು ತಪ್ಪಿಲ್ಲದೆ, ಅದರ ಪೂರ್ತಿ ಭಾರದೊಂದಿಗೆ ಬಳಸುತ್ತಿದ್ದಾಳೆ. ಅದರಲ್ಲಿ ರಾಶಿಯಿದೆ, ಪಾಲಿದೆ, ಅದೃಷ್ಟವಿದೆ. ಇಷ್ಟೂ ದಿನ ನಿದ್ದೆಗೆಟ್ಟ ಲೆಕ್ಕವೂ ಇದೆ.